ದಿಬ್ಬದ ಸ್ಮಶಾನಕ್ಕೆ ಹೊಸ ಬೀಗ

ಪ್ರಾವಿಡೆನ್ಸ್, ರೋಡ್ ಐಲೆಂಡ್
ಜನವರಿ 11, 2022

ಮಾನ್ಯ ಡ್ರೂಸಿಲ್ಲಾ ಕೇಪರ್ಸ್ ಅವರಿಗೆ ವಂದನೆಗಳು.

ನಾನು ವೆದರ್ಲಿ ದತ್ತಿ ಸಂಸ್ಥೆಯ ಕಾರ್ಯದರ್ಶಿ. ಕಸೀನಾ ದ್ವೀಪದ ಚರ್ಚಿನ ಪಾದ್ರಿಗಳಿಗೆ ಮೂರು ಸಲ ಇಮೇಲ್ ಕಳಿಸಿದೆ. ಕೊನೆಗೆ ಅವರು "ಇಲ್ಲಿಯ ವಿಷಯ ಏನಿದ್ದರೂ ಡ್ರೂಸಿಲ್ಲಮ್ಮನನ್ನು ಕೇಳಿ, ಕಾಗದದಲ್ಲೇ ಬರೆಯಿರಿ" ಎಂದು ನಿಮ್ಮ ವಿಳಾಸ ಕೊಟ್ಟರು.

ನಮ್ಮ ಸಂಸ್ಥೆ ನೂರ ಹತ್ತು ವರ್ಷಗಳಿಂದ ಶಾಲೆ, ಆಸ್ಪತ್ರೆ, ಗ್ರಂಥಾಲಯಗಳಿಗೆ ನೆರವು ನೀಡುತ್ತಾ ಬಂದಿದೆ. ಈ ಸಂಪತ್ತು ಬಂದದ್ದೆಲ್ಲಿಂದ ಎಂದು ಎರಡು ವರ್ಷಗಳ ಹಿಂದೆ ಹುಡುಕಲು ಹೊರಟೆವು. ಮೂಲಪುರುಷ ಜೊಸಾಯಾ ವೆದರ್ಲಿಯವರ ಗಿರಣಿ ನೇಯುತ್ತಿದ್ದದ್ದು ಒಂದೇ ಬಗೆಯ ಒರಟು ಬಟ್ಟೆ. ಅದು ಹೋಗುತ್ತಿದ್ದದ್ದು ದಕ್ಷಿಣದ ತೋಟಗಳ ಗುಲಾಮರ, ಅಂದರೆ ನಿಮ್ಮ ಹಿರಿಯರ, ಮೈಮೇಲೆ. ನಿಮ್ಮ ದ್ವೀಪದ ತೋಟದ ದೊರೆಯೊಬ್ಬ ಬಟ್ಟೆಗೆ ಬದಲಾಗಿ ಬಿಟ್ಟುಕೊಟ್ಟ ನಲವತ್ತು ಎಕರೆ ಇಂದಿಗೂ ನಮ್ಮ ಹೆಸರಿನಲ್ಲಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಜೂನ್ 18ರಂದು ಅಲ್ಲಿಗೇ ಬಂದು ಬಹಿರಂಗವಾಗಿ ಕ್ಷಮೆ ಕೇಳಬೇಕೆಂದು ನಮ್ಮ ಆಡಳಿತ ಮಂಡಳಿ ನಿರ್ಧರಿಸಿದೆ. ನಿಮ್ಮ ಜನರಿಗೆ ಏನು ಬೇಕು ಎಂದು ತಿಳಿಯಲು ಒಂದು ಪ್ರಶ್ನಾವಳಿಯನ್ನು ಲಗತ್ತಿಸಿದ್ದೇನೆ.

ವಿನಯಪೂರ್ವಕ,
ಮೆರಿಯನ್ ಪೆಕಮ್


ಕಸೀನಾ ದ್ವೀಪ, ದಕ್ಷಿಣ ಕ್ಯಾರೋಲಿನಾ
ಫೆಬ್ರವರಿ 2, 2022

ಪೆಕಮ್ ಅವರಿಗೆ,

ಪ್ರಶ್ನಾವಳಿ ತಲುಪಿತು. ಹದಿನಾಲ್ಕು ಪುಟ! "ನಿಮ್ಮ ನೋವನ್ನು ಒಂದರಿಂದ ಹತ್ತರವರೆಗೆ ಅಂಕಿಯಲ್ಲಿ ಸೂಚಿಸಿ" ಎಂದು ಆರನೇ ಪುಟದಲ್ಲಿದೆ. ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಕ್ಕಳು ಎಂಥೆಂಥ ತರಲೆ ಪ್ರಶ್ನೆ ಕೇಳಿದ್ದಾರೆ, ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಅದನ್ನು ನನ್ನ ತಮ್ಮನಿಗೆ ಓದಿ ಹೇಳಿದೆ, ನಕ್ಕು ನಕ್ಕು ಕೆಮ್ಮು ಹತ್ತಿತು.

ಆ ಬಟ್ಟೆಯ ವಿಷಯ ನಮಗೆ ಹೊಸದಲ್ಲ. ನಮ್ಮ ಅಜ್ಜಿಗೆ ಅವರ ಅಜ್ಜಿ ಹೇಳಿದ್ದರಂತೆ, ಹೊಸದಾಗಿ ಉಟ್ಟ ವಾರ ಮೈಯೆಲ್ಲ ಗೀರು ಬೀಳುತ್ತಿತ್ತು ಅಂತ. ನೀವು ಎರಡು ವರ್ಷ ಹುಡುಕಿದಿರಂತೆ. ಒಂದು ಕಾಗದ ಬರೆದಿದ್ದರೆ ನಾನೇ ಹೇಳುತ್ತಿದ್ದೆ.

ನಮಗೆ ಬೇಕಾದದ್ದು ಒಂದೇ. ನಿಮ್ಮ ನಲವತ್ತು ಎಕರೆಯೊಳಗೆ, ನೀರಿನಂಚಿನ ದಿಬ್ಬದ ಮೇಲೆ, ನಮ್ಮ ಸ್ಮಶಾನವಿದೆ. ನಮ್ಮವರೆಲ್ಲ ಅಲ್ಲೇ ಮಲಗಿದ್ದಾರೆ. ಜಾಗವನ್ನು ನೀವು ಬೇಟೆಗಾರರ ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟಿದ್ದೀರಿ, ಅವರು ಗೇಟು ಹಾಕಿ ಬೀಗ ಜಡಿದಿದ್ದಾರೆ. ಯಾರಾದರೂ ಸತ್ತರೆ ನಾವು ಹೋಗಿ ಅವರ ಬಾಗಿಲಲ್ಲಿ ಟೋಪಿ ತೆಗೆದು ಬೇಡುತ್ತಾ ನಿಲ್ಲಬೇಕು.

ನನ್ನ ತಮ್ಮನ ಹೆಸರು ಹೆಜೆಕಾಯಾ. ಊರೆಲ್ಲ ಕರೆಯೋದು ಕೂಟಾ ಅಂತ, ಈ ದ್ವೀಪದ ನಮ್ಮ ಮಾತಿನಲ್ಲಿ ಹಾಗಂದರೆ ಆಮೆ. ಹುಟ್ಟುವಾಗಲೇ ತಡಮಾಡಿದವನು. ಅವನ ಪುಪ್ಪುಸಕ್ಕೆ ಕ್ಯಾನ್ಸರ್ ಬಂದಿದೆ, ಬೇಸಿಗೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವನದು ಒಂದೇ ಮಾತು: "ಅಕ್ಕಾ, ನನ್ನನ್ನ ಅಮ್ಮನ ಪಕ್ಕ ಮಲಗ್ಸು. ಆ ಬೇಟೆ ಹೈಕಳ ಕಾಲು ಹಿಡಿದು ಮಾತ್ರ ಬೇಡ." ಅವನಿಗೆ ಮಾತು ಕೊಟ್ಟಿದ್ದೇನೆ. ಪ್ರಶ್ನಾವಳಿಗೆ ನನ್ನ ಉತ್ತರ ಇಷ್ಟೇ.

ಡ್ರೂಸಿಲ್ಲಾ ಕೇಪರ್ಸ್


ಪ್ರಾವಿಡೆನ್ಸ್
ಫೆಬ್ರವರಿ 24, 2022

ಪ್ರಿಯ ಡ್ರೂಸಿಲ್ಲಾ ಅವರಿಗೆ,

ಪ್ರಶ್ನಾವಳಿಗೆ ಕ್ಷಮೆಯಿರಲಿ, ಅದನ್ನು ಸಲಹೆಗಾರರು ತಯಾರಿಸಿದ್ದು. ನಿಮ್ಮ ಕಾಗದ ಓದಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅದನ್ನು ಕೈಯಲ್ಲಿ ಹಿಡಿದೇ ಅಧ್ಯಕ್ಷ ಎಲಿಯಟ್ ವೆದರ್ಲಿಯವರ ಕೋಣೆಗೆ ಹೋದೆ. ಬೇಟೆಗಾರರ ಬಾಡಿಗೆ ಕರಾರು ರದ್ದಾಯಿತು! ಮಾರ್ಚ್ ಮೊದಲ ವಾರ ಅವರು ಜಾಗ ಬಿಡುತ್ತಾರೆ. ಅವರ ಬೀಗವೂ ಹೋಗುತ್ತದೆ.

ಜಾಗದ ಒಡೆತನದ ಮಾತನ್ನು ಮಂಡಳಿ ಮುಂದೆ ನೋಡುತ್ತದೆ. ನಿಧಾನಕ್ಕಾದರೂ ಸರಿಯಾಗಿ ಮಾಡೋಣ. ನಾನೇ ಒಮ್ಮೆ ಅಲ್ಲಿಗೆ ಬಂದು ದಿಬ್ಬ ನೋಡಬೇಕೆಂದಿದ್ದೇನೆ. ನಿಮಗೊಂದು ಸಂತೋಷದ ಸಂಗತಿ ಸಿದ್ಧಮಾಡುತ್ತಿದ್ದೇನೆ, ಈಗಲೇ ಹೇಳುವುದಿಲ್ಲ.

ನಿಮ್ಮ ತಮ್ಮನಿಗೆ ನನ್ನ ನಮಸ್ಕಾರ.

ಮೆರಿಯನ್


ಕಸೀನಾ
ಮಾರ್ಚ್ 9, 2022

ಮೆರಿಯನ್ ಅವರಿಗೆ,

ಮೊನ್ನೆ ಬೇಟೆಗಾರರು ಎರಡು ಟ್ರಕ್ಕಿನಲ್ಲಿ ಗಂಟುಮೂಟೆ ಕಟ್ಟಿದರು. ಕೂಟಾ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ನೋಡಿದ. ಆಮೇಲೆ ಟೊಮೆಟೊ ಹಾಕಿದ ಕೆಂಪು ಅನ್ನ, ಸೀಗಡಿ ಮಾಡಿಸಿಕೊಂಡು ಎರಡು ತಟ್ಟೆ ತಿಂದ. ಹದಿನೈದು ದಿನದಿಂದ ಗಂಜಿ ಬಿಟ್ಟು ಬೇರೇನೂ ಮುಟ್ಟದವನು! ನಾನು ನಿಮ್ಮನ್ನು ಬಾಯಿಗೆ ಬಂದಂತೆ ಆಡಿಕೊಂಡಿದ್ದೆ. ಅದನ್ನು ವಾಪಸ್ಸು ತಗೊಂಡಿದ್ದೇನೆ.

ಜತೆಗಿರುವ ಡಬ್ಬಿಯಲ್ಲಿ ಎಳ್ಳಿನ ಬಿಸ್ಕತ್ತಿದೆ. ಒಡೆದುಹೋಗಿದ್ದರೆ ಪುಡಿಯನ್ನೇ ತಿನ್ನಿ.

ಗೇಟಿಗೆ ಈಗ ಬೇರೆಯದೇ ಒಂದು ಬೀಗ ತೂಗುತ್ತಿದೆ, ಹಿತ್ತಾಳೆಯದು, ಫಳಫಳ ಹೊಳೆಯುತ್ತಿದೆ. ನಿಮ್ಮದೇ ಇರಬೇಕು. ಕೀಲಿಕೈ ಅಂಚೆಯಲ್ಲಿ ಕಳಿಸಿಬಿಡಿ. ಕೂಟಾನಿಗೆ ಹೆಚ್ಚು ದಿನ ಇಲ್ಲ.

ಡ್ರೂಸಿಲ್ಲಾ


ಪ್ರಾವಿಡೆನ್ಸ್
ಮಾರ್ಚ್ 28, 2022

ಪ್ರಿಯ ಡ್ರೂಸಿಲ್ಲಾ ಅವರಿಗೆ,

ಬಿಸ್ಕತ್ತು ಆಫೀಸಿನಲ್ಲಿ ಹತ್ತು ನಿಮಿಷವೂ ಉಳಿಯಲಿಲ್ಲ. ಈಗ ನನ್ನ ಸರದಿ. ಲಕೋಟೆಯಲ್ಲಿರುವ ಫೋಟೋಗಳನ್ನು ನೋಡಿ. ಮೊನ್ನೆ ಶನಿವಾರ ಒಬ್ಬ ಗುತ್ತಿಗೆದಾರನಿಂದ ದಿಬ್ಬವನ್ನು ಪೂರ್ತಿ ಸ್ವಚ್ಛ ಮಾಡಿಸಿದೆವು. ಎಷ್ಟು ವರ್ಷಗಳ ಕಸವೋ! ಒಡೆದ ಬಟ್ಟಲು, ತಟ್ಟೆ, ಔಷಧಿ ಸೀಸೆ, ಕೆಟ್ಟ ಗಡಿಯಾರ, ಒಂದು ಹೊಲಿಗೆ ಯಂತ್ರ ಕೂಡ. ಎರಡು ಟ್ರಕ್ ತುಂಬ ಹೋಯಿತು. ಬೇಟೆಗಾರರೋ ಯಾರೋ ನಿಮ್ಮ ಹಿರಿಯರ ನೆಲವನ್ನು ತಿಪ್ಪೆ ಮಾಡಿಬಿಟ್ಟಿದ್ದರಲ್ಲ, ನೋಡಿ ಕಣ್ಣಲ್ಲಿ ನೀರು ಬಂತು. ಈಗ ಹುಲ್ಲು ಬಿತ್ತಿಸಿದ್ದೇವೆ. ಜೂನ್ ಹೊತ್ತಿಗೆ ಹಸಿರಾಗುತ್ತದೆ.

ನಾನು ಬಂದಿದ್ದು ಒಂದೇ ದಿನಕ್ಕೆ, ನಿಮ್ಮ ಮನೆಗೆ ಬರಲಾಗಲಿಲ್ಲ. ನೀವು ಮೊದಲು ನೋಡುವುದು ಮುಗಿದ ಕೆಲಸವನ್ನೇ ಆಗಲಿ ಎಂಬ ಆಸೆಯೂ ಇತ್ತು.

ಇನ್ನೊಂದು ವಿಷಯ. ದಿಬ್ಬವನ್ನು ಈಗ ಸಂರಕ್ಷಿತ ಸ್ಥಳವೆಂದು ಘೋಷಿಸಿದ್ದೇವೆ. ತಜ್ಞರು ಸಮೀಕ್ಷೆ ಮಾಡಿ ಯಾವ ಸಮಾಧಿ ಎಲ್ಲಿದೆ ಎಂದು ಗುರುತಿಸುವವರೆಗೆ ಹೊಸದಾಗಿ ಅಗೆಯುವಂತಿಲ್ಲ ಎಂದು ವಕೀಲರು ಹೇಳುತ್ತಾರೆ. ಸಮೀಕ್ಷೆ ಸೆಪ್ಟೆಂಬರಿನಲ್ಲಿ. ಆದ್ದರಿಂದ ಕೀಲಿಕೈ ಸದ್ಯಕ್ಕೆ ನಮ್ಮಲ್ಲೇ ಇರುತ್ತದೆ. ನಿಮ್ಮ ತಮ್ಮ ಅಷ್ಟರಲ್ಲಿ ಚೇತರಿಸಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇನೆ.

ಪ್ರೀತಿಯಿಂದ,
ಮೆರಿಯನ್


ಪ್ರಾವಿಡೆನ್ಸ್
ಏಪ್ರಿಲ್ 20, 2022

ಪ್ರಿಯ ಡ್ರೂಸಿಲ್ಲಾ ಅವರಿಗೆ,

ಫೋಟೋಗಳು ಸಿಕ್ಕಿದವೇ? ಜೂನ್ 18ರ ಕಾರ್ಯಕ್ರಮದ ಆಮಂತ್ರಣ ಲಗತ್ತಿಸಿದ್ದೇನೆ. ವೇದಿಕೆಯ ಮೇಲೆ ಅಧ್ಯಕ್ಷರ ಬಲಗಡೆ ನಿಮ್ಮ ಕುರ್ಚಿ. ಒಂದು ಸಾಲು ಬರೆಯಿರಿ.

ಮೆರಿಯನ್


ಪ್ರಾವಿಡೆನ್ಸ್
ಮೇ 2, 2022

ಡ್ರೂಸಿಲ್ಲಾ ಅವರೇ,

ಫೋಟೋ ಕಳಿಸಿ ಒಂದು ತಿಂಗಳಾಯಿತು, ನಿಮ್ಮಿಂದ ಸುದ್ದಿಯೇ ಇಲ್ಲ. ಪಾದ್ರಿಗಳಿಗೆ ಫೋನ್ ಮಾಡಿದರೆ "ಅಮ್ಮ ಬರೀತಾರೆ, ಬರೆಯೋವಾಗ ಬರೀತಾರೆ" ಎಂದು ಇಟ್ಟುಬಿಟ್ಟರು. ನಾನೇನಾದರೂ ತಪ್ಪು ಮಾಡಿದೆನೇ? ದಯವಿಟ್ಟು ಹೇಳಿ. ದಿನಾ ಅಂಚೆ ಬರುವ ಹೊತ್ತಿಗೆ ಕೆಳಗಿಳಿದು ಹೋಗಿ ನಿಲ್ಲುತ್ತಿದ್ದೇನೆ.

ಮೆರಿಯನ್


ಕಸೀನಾ
ಮೇ 9, 2022

ಮೆರಿಯನ್ ಪೆಕಮ್ ಅವರಿಗೆ,

ಐದು ಸಲ ಬರೆದು ಹರಿದೆ. ಹರಿದವುಗಳಲ್ಲಿ ಇದ್ದ ಮಾತುಗಳನ್ನು ಚರ್ಚಿನ ಹಿರಿಯಳಾದವಳು ಬರೆಯಬಾರದು.

ಅದು ಕಸವಲ್ಲ. ನಮ್ಮಲ್ಲಿ ಸತ್ತವರು ಕೊನೆಗೆ ಮುಟ್ಟಿದ ಪಾತ್ರೆ ಮನೆಯಲ್ಲಿ ಉಳಿಯಬಾರದು. ಕುಡಿದ ಬಟ್ಟಲು, ಉಂಡ ತಟ್ಟೆ, ಔಷಧಿ ಸೀಸೆ, ಅವರ ಗಡಿಯಾರ, ಎಲ್ಲವನ್ನೂ ಗೋರಿಯ ಮೇಲೆ ಇಟ್ಟು ಒಡೆಯುತ್ತೇವೆ. ಸಾವಿನ ಸರಪಳಿ ಅಲ್ಲಿಗೆ ಕಡಿಯಲಿ, ಮನೆಯಿಂದ ಇನ್ನೊಬ್ಬರು ಹಿಂದೆಯೇ ಹೊರಡದಿರಲಿ ಎಂದು. ಹೊಲಿಗೆ ಯಂತ್ರ ನಮ್ಮ ಟೀನಾ ಅತ್ತೆಯದು. ಊರಿನ ಮದುವಣಗಿತ್ತಿಯರಿಗೆಲ್ಲ ಬಟ್ಟೆ ಹೊಲಿದವಳು.

ಕಲ್ಲು ನೆಡಿಸುವ ಶಕ್ತಿ ನಮ್ಮಲ್ಲಿ ಯಾರಿಗಿತ್ತು? ನೀಲಿ ಅಂಚಿನ ತಟ್ಟೆ ಇದ್ದಲ್ಲಿ ಅಜ್ಜಿ, ಕೈ ಮುರಿದ ಹೂಜಿ ಇದ್ದಲ್ಲಿ ಅಜ್ಜ. ಹಾಗೇ ನಾವು ಗುರುತು ಹಿಡಿಯುತ್ತಿದ್ದದ್ದು. ಈಗ ಯಾವುದು ಯಾರ ಗೋರಿ? ನಿಮ್ಮ ತಜ್ಞರು ಸೆಪ್ಟೆಂಬರಿನಲ್ಲಿ ಬಂದು ಹುಲ್ಲನ್ನು ಕೇಳುತ್ತಾರೆಯೇ? ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನೀವು ಕೊಳ್ಳೆಯನ್ನೂ ಹೊಡೆದು ಬಾಗಿಲನ್ನೂ ಹಾಕಿದಿರಿ.

ಬೇಟೆಗಾರರು ಒಳ್ಳೆಯವರೇನಲ್ಲ. ಆದರೆ ಹೆಣ ಬಂದಾಗ, ಗೊಣಗಿಕೊಂಡಾದರೂ, ಗೇಟು ತೆರೆಯುತ್ತಿದ್ದರು. ಒಂದು ಬಟ್ಟಲನ್ನೂ ಮುಟ್ಟುತ್ತಿರಲಿಲ್ಲ.

ಕೂಟಾ ಈ ವಿಷಯಕ್ಕೆ ಒಂದು ಮಾತೂ ಆಡಲಿಲ್ಲ. ಅವನಿಗೆ ಅವಸರವಿಲ್ಲ. ನನಗಿದೆ. ಕೀಲಿಕೈ ಕಳಿಸಿ.

ಡ್ರೂಸಿಲ್ಲಾ ಕೇಪರ್ಸ್


ಪ್ರಾವಿಡೆನ್ಸ್
ಮೇ 14, 2022

ಪ್ರಿಯ ಡ್ರೂಸಿಲ್ಲಾ ಅವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆ ಗುತ್ತಿಗೆದಾರನಿಗೆ ಬರೀ ಗಿಡಗಂಟಿ ತೆಗೆಯಲು ಹೇಳಿದ್ದೆವು. ಅವನು ಮಿತಿ ಮೀರಿಬಿಟ್ಟ. ಟ್ರಕ್ಕುಗಳು ಎಲ್ಲಿ ಸುರಿದವೆಂದು ವಿಚಾರಿಸಿದೆ. ಆ ಗುಂಡಿಯನ್ನು ಏಪ್ರಿಲಿನಲ್ಲೇ ಮುಚ್ಚಿದ್ದಾರಂತೆ. ಮಂಡಳಿಯ ಮುಂದೆ ಒಂದು ಪ್ರಸ್ತಾಪ ಇಡುತ್ತೇನೆ: ಒಂದು ಪುಟ್ಟ ವಸ್ತು ಸಂಗ್ರಹಾಲಯ, ಅಂಥದೇ ಹಳೆಯ ಪಾತ್ರೆಗಳು, ಮನೆತನಗಳ ಹೆಸರು ಕೆತ್ತಿದ ಅಮೃತಶಿಲೆ. ಕೀಲಿಕೈಯ ವಿಷಯ ಅಧ್ಯಕ್ಷರನ್ನು ಮತ್ತೆ ಕೇಳಿದೆ. "ಜೂನ್ 18ರ ತನಕ ಏನನ್ನೂ ಮುಟ್ಟೋದು ಬೇಡ ಮೆರಿಯನ್, ಫೋಟೋದೋರು ಬರ್ತಾರೆ" ಎಂದರು. ಸಿಟ್ಟಾಗಬೇಡಿ. ನಾನು ಬಿಡುವುದಿಲ್ಲ, ಮತ್ತೆ ಮತ್ತೆ ಕೇಳುತ್ತೇನೆ.

ನಿಮ್ಮ ತಮ್ಮನಿಗೆ ಆಫೀಸಿನವರೆಲ್ಲ ಸಹಿ ಮಾಡಿದ ಒಂದು ಕಾರ್ಡು ಕಳಿಸಿದ್ದೇವೆ. ಬೇಗ ಗುಣವಾಗಲಿ.

ಮೆರಿಯನ್


ಕಸೀನಾ
ಮೇ 19, 2022

ಮೆರಿಯನ್ ಪೆಕಮ್ ಅವರಿಗೆ,

ಕಾರ್ಡು ಬಂತು. ಹಳದಿ ಹೂವು, ಹನ್ನೊಂದು ಸಹಿ. ಕೂಟಾ ತೀರಿಕೊಂಡು ಆರು ವಾರವಾಯಿತು.

ಏಪ್ರಿಲ್ 7ರ ಬೆಳಿಗ್ಗೆ. ಚಹಾ ಕೇಳಿದ, ತಂದುಕೊಡುವಷ್ಟರಲ್ಲಿ ಹೋಗಿದ್ದ. ಅಂದಿನಿಂದ ಸೇತುವೆಯಾಚೆಯ ಪಟ್ಟಣದಲ್ಲಿ, ಶವಸಂಸ್ಕಾರದ ಕೆಲಸ ನಡೆಸುವ ಬ್ಲೈಜೆನ್ನನ ತಣ್ಣನೆಯ ಕೋಣೆಯಲ್ಲಿದ್ದಾನೆ. ಪ್ರತಿ ಸೋಮವಾರ ಹೋಗಿ ನೋಡಿ ಬರುತ್ತೇನೆ. ಬ್ಲೈಜೆನ್ ಒಳ್ಳೆಯ ಹುಡುಗ, ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವನು. ಕಳೆದ ವಾರ ತಲೆ ಕೆರೆದುಕೊಂಡು ಹೇಳಿದ: "ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಪಟ್ಟಣದ ಸ್ಮಶಾನದಲ್ಲಿ ಜಾಗ ಐತೆ. ಇನ್ನೂ ಎಷ್ಟು ದಿನ ಅಂತ ಇಟ್ಕೊಳ್ಳೋದು?" ನಾನಂದೆ: "ಅಪರಿಚಿತರ ಮಧ್ಯೆ ಅವನನ್ನ ಬಿಟ್ಟು ಬಂದ್ರೆ, ನಾಳೆ ಅಮ್ಮನಿಗೆ ನಾನೇನಂತ ಮುಖ ತೋರಿಸ್ಲಿ? ಇಟ್ಕೋ, ತೆಪ್ಪಗೆ." ಇಟ್ಟುಕೊಂಡಿದ್ದಾನೆ, ಪಾಪ.

ನಿಮಗೆ ಯಾಕೆ ಹೇಳಲಿಲ್ಲವೆಂದರೆ, ಹೆಣ ಮುಂದಿಟ್ಟುಕೊಂಡು ಬೇಡುವುದು ನಮ್ಮ ಮನೆಯ ಪದ್ಧತಿಯಲ್ಲ. ಬದುಕಿರುವವಳು ಕೇಳಿದಾಗ ಕೊಡದವರು ಸತ್ತವನಿಗಾಗಿ ಕೊಟ್ಟರೆ, ಅದು ದಾನವಾಗುತ್ತದೆ. ನನಗೆ ದಾನ ಬೇಕಿರಲಿಲ್ಲ.

ಇನ್ನೂ ಒಂದು ಮಾತು, ಇದನ್ನು ಪಾದ್ರಿಗಳಿಗೂ ಹೇಳಿಲ್ಲ. ನೀವು ಆ ಒಡಕುಗಳನ್ನು ಎತ್ತಿಸಿದ್ದು ಮಾರ್ಚ್ 26. ಹನ್ನೆರಡನೆಯ ದಿನಕ್ಕೆ ಕೂಟಾ ಹೋದ. ಅವನ ಪುಪ್ಪುಸ ಮೊದಲೇ ಹೋಗಿತ್ತು, ನನಗೆ ಗೊತ್ತು. ಆದರೂ ಮನಸ್ಸು ಎಣಿಸುತ್ತದೆ, ಮತ್ತೆ ಮತ್ತೆ ಹನ್ನೆರಡಕ್ಕೇ ಬಂದು ನಿಲ್ಲುತ್ತದೆ.

ಗುತ್ತಿಗೆದಾರ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ್ದ. ನಾನು ಸುಮ್ಮನೆ ಬಿಡುವವಳೇ? "ನನ್ನ ಬೈಬೇಡಿ ಅಮ್ಮಾ. ನಾನು ಇದು ಬೇಡ ಅಂದೆ. ಆಫೀಸಿನಿಂದ ಬಂದಿದ್ದ ಹೆಂಗಸು ಪಕ್ಕದಲ್ಲೇ ನಿಂತು, ಇದೂ ತೆಗೀರಿ, ಅದೂ ತೆಗೀರಿ ಅಂತ ಕೈ ತೋರ್ಸಿದ್ರು" ಅಂದ. ಯಾರು ಆ ಹೆಂಗಸು?

ಡ್ರೂಸಿಲ್ಲಾ ಕೇಪರ್ಸ್


ಪ್ರಾವಿಡೆನ್ಸ್
ಮೇ 23, 2022

ಡ್ರೂಸಿಲ್ಲಾ ಅವರೇ,

ನಾನೇ.

ಗುತ್ತಿಗೆದಾರನ ಮೇಲೆ ಹಾಕಿದ್ದು ಸುಳ್ಳು. ಅವನು ನಿಮ್ಮ ಊರಿನ ಕಡೆಯವನೇ. ಮೊದಲ ಬಟ್ಟಲು ಎತ್ತುವಾಗ "ಮೇಡಂ, ಇವು ಇಲ್ಲೇ ಇರ್ಬೇಕೇನೋ, ಯಾರನ್ನಾದ್ರೂ ಕೇಳೋಣ್ವಾ?" ಎಂದಿದ್ದ. ನಾನು ಗಡಿಯಾರ ನೋಡಿಕೊಂಡೆ, ನನಗೆ ಸಂಜೆಯ ವಿಮಾನವಿತ್ತು. "ಕೇಳೋದೇನಿದೆ, ಕಸ ತಾನೇ" ಎಂದೆ. ಒಂದು ಬಟ್ಟಲನ್ನು ನಾನೇ ಎತ್ತಿ ಟ್ರಕ್ಕಿಗೆ ಎಸೆದೆ. ಪಾಪ, ಈ ಜನಕ್ಕೆ ಕಸ ಹಾಕಲೂ ಬೇರೆ ಜಾಗವಿಲ್ಲ ಎಂದು ಮರುಗಿದೆ ಬೇರೆ. ಆ ಮರುಕ ನೆನೆದರೆ ಈಗ ಹೇಸಿಗೆಯಾಗುತ್ತದೆ. ನಿಮ್ಮ ಮನೆ ಅಲ್ಲಿಂದ ಐದು ನಿಮಿಷದ ದಾರಿ ಎಂದು ನನಗೆ ಗೊತ್ತಿತ್ತು.

ಕೂಟಾ ಹೋದ ಸುದ್ದಿ ಓದಿ ಆಫೀಸಿನ ಮೆಟ್ಟಿಲ ಮೇಲೇ ಕುಳಿತು ಅತ್ತೆ. ನನ್ನ ಅಳುವಿನಿಂದ ನಿಮಗೇನೂ ಪ್ರಯೋಜನವಿಲ್ಲ, ತಿಳಿದಿದೆ.

ಇದರ ಜತೆ ಕೀಲಿಕೈ ಇದೆ. ಯಾರ ಅಪ್ಪಣೆಯನ್ನೂ ಕೇಳಿಲ್ಲ. ಅಧ್ಯಕ್ಷರಿಗೆ ಗೊತ್ತಾದರೆ ಆಗಲಿ. ಅವನನ್ನು ಕರೆದುಕೊಂಡು ಹೋಗಿ.

ಮೆರಿಯನ್


ಕಸೀನಾ
ಮೇ 27, 2022

ಮೆರಿಯನ್,

ಕೀಲಿಕೈ ವಾಪಸ್ಸು ಕಳಿಸಿದ್ದೇನೆ. ಬೀಗ ಜಡಿಸಿದ್ದು ನೀವು. ಕದ್ದು ಕಳಿಸಿದ ಕೀಲಿಯಿಂದ ನಾನು ನನ್ನ ತಮ್ಮನನ್ನು ಮಣ್ಣು ಮಾಡುವುದಿಲ್ಲ. ಅವನೇನು ಕಳ್ಳಸಾಗಣೆಯ ಮಾಲೇ? ನೀವೇ ಬಂದು, ಹಗಲು ಹೊತ್ತಿನಲ್ಲಿ, ಊರವರೆದುರು ತೆಗೆಯಿರಿ.

ಜೂನ್ 4, ಶನಿವಾರ, ಹನ್ನೊಂದು ಗಂಟೆ. ಬಿಸಿಲು ಜೋರು, ಟೋಪಿ ತನ್ನಿ.

ಡ್ರೂಸಿಲ್ಲಾ


ಕಸೀನಾ
ಜೂನ್ 7, 2022

ಮೆರಿಯನ್,

ನೀವು ಬಂದಿರಿ. ಬರುವುದಿಲ್ಲ ಎಂದು ಊರಿನಲ್ಲಿ ಪಂದ್ಯ ಕಟ್ಟಿದವರಿದ್ದರು, ನಾನೂ ನಂಬಿರಲಿಲ್ಲ. ಬೀಗ ತೆಗೆಯುವಾಗ ನಿಮ್ಮ ಕೈಯಿಂದ ಕೀಲಿ ಎರಡು ಸಲ ಬಿತ್ತು. ಯಾರೂ ಎತ್ತಿಕೊಡಲಿಲ್ಲ, ನೀವೇ ಬಗ್ಗಿ ಎತ್ತಿಕೊಂಡಿರಿ. "ನನ್ನ ಕೆಲಸ ಸೋಮವಾರ ಹೋಗತ್ತೆ" ಎಂದಿರಿ. ಕೆಲಸ ಹೋದದ್ದಕ್ಕೆ ಬೇಸರವಿದೆ, ಅದನ್ನು ಈಗ ಹೇಳುತ್ತಿದ್ದೇನೆ.

ಆದರೆ ಗೇಟು ತೆರೆದು ನೀವು ಹೊರಗೇ ನಿಂತುಬಿಟ್ಟಿರಿ, ಟೋಪಿ ಎದೆಗೆ ಒತ್ತಿಕೊಂಡು, ಬಿಸಿಲಿನಲ್ಲಿ. ಹಾಗಾಗಿ ಒಳಗೆ ಏನಾಯಿತೆಂದು ನಿಮಗೆ ಗೊತ್ತಿಲ್ಲ. ಹೇಳುತ್ತೇನೆ.

ಅಮ್ಮನ ಗೋರಿ ಸಿಗಲಿಲ್ಲ. ದೇವದಾರು ಮರದಿಂದ ಹತ್ತು ಹೆಜ್ಜೆ ಎಂದು ನನಗೆ ನೆನಪು. ನಮ್ಮ ಚಿಕ್ಕಪ್ಪನ ಮಗ "ಹತ್ತಲ್ಲ ಅಕ್ಕಾ, ಹದಿನಾಲ್ಕು, ನೀರಿನ ಕಡೆಗೆ" ಅಂದ. ಹೆಣ ಹೊತ್ತವರು ನಿಂತೇ ಇದ್ದರು, ನಾವಿಬ್ಬರೂ ನಿಮ್ಮ ಹುಲ್ಲಿನ ಮೇಲೆ ಹೆಜ್ಜೆ ಎಣಿಸುತ್ತಾ ಜಗಳವಾಡಿದೆವು. ಎಪ್ಪತ್ತೆರಡು ವರ್ಷದವಳು ನಾನು, ಅಮ್ಮಾ ಅಮ್ಮಾ ಎಂದು ಕೂಗಿಬಿಟ್ಟೆ. ಕೊನೆಗೆ ಹನ್ನೆರಡು ಹೆಜ್ಜೆಗೆ ಅಗೆದರು. ಕೂಟಾ ಮಲಗಿರುವುದು ಅಮ್ಮನ ಪಕ್ಕವೋ, ಬೇರೆ ಯಾರ ಪಕ್ಕವೋ, ನನಗೆ ಖಾತ್ರಿಯಿಲ್ಲ. ಅವನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡೆನೋ ಇಲ್ಲವೋ, ಇನ್ನು ಸಾಯುವ ತನಕ ನನಗೆ ತಿಳಿಯುವುದಿಲ್ಲ. ಇದನ್ನು ನೀವು ಸರಿ ಮಾಡಲಾರಿರಿ, ಮಾಡಲು ಹೊರಡಲೂ ಬೇಡಿ.

ಅವನ ಮೊಮ್ಮಗಳ ಹಸುಗೂಸನ್ನು ಪೆಟ್ಟಿಗೆಯ ಮೇಲಿಂದ ಈ ಕೈಯಿಂದ ಆ ಕೈಗೆ ದಾಟಿಸಿದೆವು, ಸತ್ತವನು ಮಗುವನ್ನು ಕಾಡದಿರಲಿ ಎಂದು. ಮಗು ನಗುತ್ತಿತ್ತು. ಆಮೇಲೆ ಅವನ ಚಹಾದ ಲೋಟ ಒಡೆದೆ.

ಊಟಕ್ಕೆ ಕರೆಯಲು ಗೇಟಿಗೆ ಬಂದರೆ ನೀವು ಹೋಗಿಬಿಟ್ಟಿದ್ದಿರಿ. ನನಗೆ ಕೋಪ ನೆತ್ತಿಗೇರಿತು. ಒಳಗೆ ಬರುವ ಯೋಗ್ಯತೆ ನಿಮಗಿಲ್ಲ ಎಂದು ಯಾರು ಹೇಳಿದರು? ಇರಬಹುದು, ಇಲ್ಲದಿರಬಹುದು. ಅದನ್ನು ಹೇಳಬೇಕಾದವಳು ನಾನು. ಕಸ ಯಾವುದೆಂದು ನೀವೇ ತೀರ್ಮಾನಿಸಿದಿರಿ, ಹೊರಗೆ ನಿಲ್ಲುವುದನ್ನೂ ನೀವೇ ತೀರ್ಮಾನಿಸಿದಿರಿ. "ಡ್ರೂಸಿಲ್ಲಾ, ಬರಲಾ?" ಎಂದು ಒಂದು ಮಾತು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಿನ್ನೆ ನಿಮ್ಮ ಅಧ್ಯಕ್ಷರ ಕಾಗದ ಬಂತು. ಅನುಮತಿಯಿಲ್ಲದೆ ಅಗೆದದ್ದಕ್ಕೆ ಬೇಸರವಂತೆ, ಆದರೂ ದೊಡ್ಡ ಮನಸ್ಸು ಮಾಡುತ್ತಾರಂತೆ. 18ನೇ ತಾರೀಖು ಗೋರಿಗಿಡುವ ಹೂವಿನ ಚಕ್ರ ಹಿಡಿದು ಬರುತ್ತಾರಂತೆ. ಅವರಿಗೂ ಬರೆದಿದ್ದೇನೆ, ನಿಮಗೂ ಬರೆಯುತ್ತಿದ್ದೇನೆ. ಶನಿವಾರ ಸಂಜೆಯೇ ನಮ್ಮ ಗಂಡಸರು ಗೇಟನ್ನು ಕಂಬ ಸಮೇತ ಕಿತ್ತರು. ಈಗ ಅಲ್ಲಿ ಬೀಗವಿಲ್ಲ. ನಾನು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಯಾರು ಬಂದರೂ ನನ್ನನ್ನು ಕೇಳಿ ಒಳಗೆ ಬರಬೇಕು.

ಡ್ರೂಸಿಲ್ಲಾ